ಅಂಗಡಿ ಬೀದಿಗೆ ಮತ್ತೆ ಜೀವ ಬರಬೇಕೆಂದರೆ: ಬಡಾವಣೆಯವರು ಎಲ್ಲಿಂದ ಶುರು ಮಾಡಬೇಕು?

ಯಾವ ಅಂಗಡಿ ಬೀದಿಯೂ ಒಂದೇ ದಿನದಲ್ಲಿ ಸೊರಗುವುದಿಲ್ಲ. ಮೊದಲು ಒಂದು ಷಟರ್ ಇಳಿಯುತ್ತದೆ, ‘ಬಾಡಿಗೆಗಿದೆ’ ಎಂಬ ಬೋರ್ಡು ಏರುತ್ತದೆ. ತಿಂಗಳುಗಟ್ಟಲೆ ಯಾರೂ ಬರುವುದಿಲ್ಲ. ಅದರ ಮುಂದೆ ಕಸ ಸೇರುತ್ತದೆ, ಮೇಲಿನ ದೀಪ ಕೆಟ್ಟರೆ ಸರಿ ಮಾಡಿಸುವವರಿಲ್ಲ. ಪಕ್ಕದ ಅಂಗಡಿಯವರು ‘ಕತ್ತಲಾದ ಮೇಲೆ ಯಾರು ಬರುತ್ತಾರೆ’ ಎಂದು ಒಂದು ಗಂಟೆ ಮೊದಲೇ ಬಾಗಿಲು ಹಾಕುತ್ತಾರೆ. ಆ ಒಂದು ಗಂಟೆಯಲ್ಲಿ ಬರುತ್ತಿದ್ದ ಗಿರಾಕಿಗಳು ಇನ್ನೊಂದು ಬೀದಿಯನ್ನು ರೂಢಿ ಮಾಡಿಕೊಳ್ಳುತ್ತಾರೆ. ಹೀಗೆ ಒಂದರ ಹಿಂದೆ ಒಂದು. ಜಪಾನಿನಲ್ಲಿ ಇಂಥ ಬೀದಿಗಳು ಎಷ್ಟು ಹೆಚ್ಚಿವೆಯೆಂದರೆ, ‘ಷಟರ್ ಬೀದಿ’ ಎಂಬ ಮಾತೇ ಅಲ್ಲಿ ದಿನಬಳಕೆಗೆ ಬಂದುಬಿಟ್ಟಿದೆ.

ಇದನ್ನು ನೋಡಿ ಸಂಕಟಪಟ್ಟ ನಿವಾಸಿಗಳು ಮತ್ತು ವ್ಯಾಪಾರಿಗಳು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಬೀದಿಯ ಬಾಯಲ್ಲಿ ಒಂದು ಕಮಾನು ಕಟ್ಟಿಸಿ ಉದ್ಘಾಟನೆ ಮಾಡಿಸುವುದು. ಕಮಾನು ಉಳಿಯುತ್ತದೆ, ಅದರ ಹಿಂದಿನ ಮುಚ್ಚಿದ ಷಟರುಗಳೂ ಉಳಿಯುತ್ತವೆ. ನನ್ನ ಪ್ರಕಾರ ಕೆಲಸದ ಕ್ರಮವೇ ಬೇರೆ. ಎಣಿಕೆ ಮೊದಲು, ಬಣ್ಣ ಆಮೇಲೆ. ಕಟ್ಟಡದ ಮಾಲೀಕರ ಜತೆ ಕಾಗದದ ಮೇಲೆ ಮಾತು ಮೊದಲು, ಹಬ್ಬದ ಗದ್ದಲ ಆಮೇಲೆ.

1. ಎರಡು ವಾರ ಬರೀ ಎಣಿಸಿ

ಬೀದಿಯ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿರುತ್ತದೆ, ಅಂಕಿ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಆದ್ದರಿಂದ ಸಭೆ ಕರೆಯುವ ಮೊದಲು ಒಂದು ನೋಟ್‌ಬುಕ್ ಹಿಡಿದು ಬೀದಿಗೆ ಇಳಿಯಿರಿ.

ಬೀದಿಯ ಎರಡು ತುದಿ ಮತ್ತು ನಡು, ಹೀಗೆ ಮೂರು ಜಾಗ ಗುರುತಿಸಿ. ಪ್ರತಿ ಜಾಗದಲ್ಲೂ ಒಬ್ಬರು ನಿಂತು, ಪ್ರತಿ ಗಂಟೆಯಲ್ಲಿ 15 ನಿಮಿಷ, ದಾಟಿ ಹೋಗುವವರನ್ನು ಗೀಟು ಹಾಕಿ ಎಣಿಸಲಿ. ಅದನ್ನು 4ರಿಂದ ಗುಣಿಸಿದರೆ ಆ ಗಂಟೆಯ ಅಂದಾಜು ಸಿಗುತ್ತದೆ. ನಡೆದು ಹೋಗುವವರು, ಸೈಕಲ್, ವಾಹನ, ಇವಕ್ಕೆ ಬೇರೆ ಬೇರೆ ಸಾಲು ಇರಲಿ. ಇನ್ನೂ ಒಂದು ಸಾಲು ಬೇಕು: ಎಷ್ಟು ಜನ ನಿಂತರು? ಅಂಗಡಿ ನೋಡಲಿ, ಯಾರ ಜತೆಗಾದರೂ ಮಾತಾಡಲಿ, ಸುಮ್ಮನೆ ಉಸಿರು ತೆಗೆದುಕೊಳ್ಳಲಿ, ನಿಂತವರು ನಿಂತವರೇ. ಸಾವಿರ ಜನ ದಾಟಿ ಹೋದರೂ ಹತ್ತು ಜನ ನಿಲ್ಲದಿದ್ದರೆ ಅದು ದಾರಿ, ಪೇಟೆ ಅಲ್ಲ. ಕೆಲಸದ ದಿನವೂ ಎಣಿಸಿ, ರಜೆಯ ದಿನವೂ ಎಣಿಸಿ. ಮಳೆ ಬಂದ ದಿನದ ಲೆಕ್ಕವನ್ನು ಪಕ್ಕದಲ್ಲಿ ಗುರುತು ಹಾಕಿ ಇಡಿ.

ಎರಡನೆಯದು ಅಂಗಡಿಗಳ ಪಟ್ಟಿ. ಪ್ರತಿ ಬಾಗಿಲಿಗೂ ಒಂದು ಸಾಲು: ತೆರೆದಿದೆಯೋ ಮುಚ್ಚಿದೆಯೋ, ಯಾವಾಗಿನಿಂದ, ಏನು ವ್ಯಾಪಾರ, ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ, ಕಟ್ಟಡ ಯಾರದು. ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ನಿಮಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಹುಡುಕಲೇಬೇಕು, ಮುಂದಿನ ಅರ್ಧ ಕೆಲಸ ಅದರ ಮೇಲೆ ನಿಂತಿದೆ. ಮೇಲಿನ ಮಹಡಿಗಳನ್ನೂ ಬಿಡಬೇಡಿ. ಅಲ್ಲಿ ಮನೆಗಳಿದ್ದರೆ ರಾತ್ರಿ ಬೀದಿಗೆ ಒಂದು ಕಾವಲು ಇದ್ದಂತೆ.

ಮೂರನೆಯದು ಗಿರಾಕಿಗಳ ಮಾತು. ಪ್ರಶ್ನೆ ಮೂರೇ ಸಾಕು: ಎಲ್ಲಿಂದ ಬಂದಿರಿ, ಹೇಗೆ ಬಂದಿರಿ, ಇಲ್ಲಿ ಸಿಗದೆ ಬೇರೆ ಕಡೆ ಹೋಗಿ ತಂದದ್ದು ಏನು? ಇದೇ ಪ್ರಶ್ನೆಗಳನ್ನು ವ್ಯಾಪಾರಿಗಳಿಗೂ ಕೇಳಿ: ‘ನಿಮ್ಮ ಗಿರಾಕಿಗಳು ಹೇಗೆ ಬರುತ್ತಾರೆಂದು ನಿಮಗನ್ನಿಸುತ್ತದೆ?’ ಎರಡು ಉತ್ತರಗಳ ನಡುವಿನ ಅಂತರ ನಿಮ್ಮನ್ನು ಬೆಚ್ಚಿಬೀಳಿಸಬಹುದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ಹೀಗೆ ಕೇಳಿದಾಗ, ಗಿರಾಕಿಗಳಲ್ಲಿ ಶೇ 41ರಷ್ಟು ಜನ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಅಂದುಕೊಂಡಿದ್ದರು. ನಿಜವಾಗಿ ಬರುತ್ತಿದ್ದವರು ಶೇ 22. ವ್ಯಾಪಾರಿ ಸುಳ್ಳು ಹೇಳುತ್ತಿಲ್ಲ. ಕಾರಿನಲ್ಲಿ ಬಂದವನು ‘ನಿಲ್ಲಿಸಲು ಜಾಗವಿಲ್ಲ’ ಎಂದು ಗೊಣಗುತ್ತಾನೆ, ನಡೆದು ಬಂದವನು ಏನೂ ಹೇಳದೆ ಸಾಮಾನು ತೆಗೆದುಕೊಂಡು ಹೋಗುತ್ತಾನೆ. ಗೊಣಗಿದವನು ನೆನಪಿನಲ್ಲಿ ಉಳಿಯುತ್ತಾನೆ, ಅಷ್ಟೆ.

2. ಸಭೆ ಕರೆಯುವ ಮುನ್ನ ಅಂಗಡಿ ಮೆಟ್ಟಿಲು ಹತ್ತಿ

‘ಸಂಜೆ ಐದಕ್ಕೆ ಸಭೆ, ಎಲ್ಲರೂ ಬನ್ನಿ’ ಎಂದರೆ ವ್ಯಾಪಾರಿಗಳು ಬರುವುದಿಲ್ಲ. ಅವರಿಗೆ ಅದೇ ವ್ಯಾಪಾರದ ಹೊತ್ತು. ಬಂದವರು ನಾಲ್ಕೇ ಜನ ಎಂದು ನೀವು ಬೇಸರಪಡುತ್ತೀರಿ, ನಮ್ಮನ್ನು ಕೇಳಲೇ ಇಲ್ಲ ಎಂದು ಅವರು ಮುನಿಸಿಕೊಳ್ಳುತ್ತಾರೆ. ಮೊದಲು ಒಬ್ಬೊಬ್ಬರ ಅಂಗಡಿಗೂ ಹೋಗಿ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಹತ್ತು ನಿಮಿಷ ಮಾತಾಡಿ. ಗಿರಾಕಿ ಬಂದರೆ ಪಕ್ಕಕ್ಕೆ ಸರಿದು ನಿಲ್ಲಿ. ಸಭೆಯನ್ನು ಬಾಗಿಲು ಹಾಕಿದ ಮೇಲೆ ಇಲ್ಲವೇ ತೆರೆಯುವ ಮೊದಲು ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಮೀರಬಾರದು.

ಯಾರು ಯಾರು ಇರಬೇಕು? ಬಾಡಿಗೆಗಿರುವ ವ್ಯಾಪಾರಿ ಮತ್ತು ಕಟ್ಟಡದ ಮಾಲೀಕ ಇಬ್ಬರೂ ಬೇರೆ ಬೇರೆ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಬೀದಿ ಚೆನ್ನಾದರೆ ಒಬ್ಬರಿಗೆ ವ್ಯಾಪಾರ ಹೆಚ್ಚುತ್ತದೆ, ಇನ್ನೊಬ್ಬರಿಗೆ ಬಾಡಿಗೆ ಹೆಚ್ಚುತ್ತದೆ. ಇಬ್ಬರ ಹಿತವೂ ಒಂದೇ ಎಂದು ಭಾವಿಸಿ ಹೊರಟ ಸಂಘಗಳು ನಡುದಾರಿಯಲ್ಲಿ ಒಡೆಯುತ್ತವೆ. ಸುತ್ತಲಿನ ನಿವಾಸಿಗಳು ಬೇಕು. ರಸ್ತೆ ಬದಿ ಗಾಡಿ ಇಟ್ಟುಕೊಂಡವರು ಬೇಕು. ಬೀದಿ ಚೊಕ್ಕ ಮಾಡುವ ಹುರುಪಿನಲ್ಲಿ ಮೊದಲು ಎತ್ತಂಗಡಿಯಾಗುವುದು ಅವರೇ, ಆದರೆ ಬೀದಿಯಲ್ಲಿ ಜನ ನಿಲ್ಲುವಂತೆ ಮಾಡಿದ್ದೂ ಬಹಳ ಸಲ ಅವರೇ. ಕೋಲು ಹಿಡಿದು ನಡೆಯುವ ಹಿರಿಯರು, ಗಾಲಿಕುರ್ಚಿಯಲ್ಲಿ ಓಡಾಡುವವರು, ಮಗುವನ್ನು ತಳ್ಳುಗಾಡಿಯಲ್ಲಿ ಕರೆತರುವವರು, ಇವರಲ್ಲಿ ಒಬ್ಬರಾದರೂ ಇರಲಿ. ಮೆಟ್ಟಿಲು ಎಲ್ಲಿ ಎತ್ತರ, ಚರಂಡಿಯ ಕಲ್ಲು ಎಲ್ಲಿ ಎದ್ದಿದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ. ಸ್ಥಳೀಯ ಆಡಳಿತದ ಒಬ್ಬ ಅಧಿಕಾರಿಯನ್ನು ಶುರುವಿನಿಂದಲೇ ಕರೆಯಿರಿ. ದೂರು ಕೊಡಲು ಮಾತ್ರ ಹೋದರೆ ಬಾಗಿಲು ಅರ್ಧವೇ ತೆರೆಯುತ್ತದೆ.

ಸಭೆಯಲ್ಲಿ ‘ನಿಮಗೇನು ಬೇಕು?’ ಎಂದು ಕೇಳಬೇಡಿ. ಬೇಡಿಕೆಗಳ ಪಟ್ಟಿ ಬರುತ್ತದೆ, ಕೆಲಸಗಾರರು ಬರುವುದಿಲ್ಲ. ‘ಕಳೆದ ವಾರ ನೀವು ಬೇರೆ ಪೇಟೆಗೆ ಹೋದದ್ದು ಯಾವುದಕ್ಕೆ?’ ಎಂದು ಕೇಳಿ. ಹೊರಡುವ ಮುನ್ನ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಚಿಕ್ಕ ಕೆಲಸ ಮತ್ತು ಒಂದು ತಾರೀಕು ಬರೆಯಿರಿ.

3. ಕೆಲಸವನ್ನು ನಾಲ್ಕಾಗಿ ಹಂಚಿ

ಇದಕ್ಕೊಂದು ಹಳೆಯ, ಪಳಗಿದ ಮಾದರಿ ಇದೆ. ಅಮೆರಿಕದಲ್ಲಿ ಊರಾಚೆಯ ಮಾಲ್‌ಗಳಿಗೆ ಗಿರಾಕಿಗಳನ್ನು ಕಳೆದುಕೊಂಡ ಹಳೆಯ ಪೇಟೆ ಬೀದಿಗಳಿಗಾಗಿ, ಪಾರಂಪರಿಕ ಕಟ್ಟಡಗಳ ರಕ್ಷಣೆಗೆಂದು ಇದ್ದ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಪ್ರಯೋಗ ನಡೆಸಿತು. ಅದರ ಪಾಠದ ಮೇಲೆ 1980ರಲ್ಲಿ ‘ಮೇನ್ ಸ್ಟ್ರೀಟ್’ ಕೇಂದ್ರ ಹುಟ್ಟಿತು. ಅವರು ಕೆಲಸವನ್ನು ನಾಲ್ಕು ಭಾಗ ಮಾಡಿದರು: ಜನರನ್ನೂ ಹಣವನ್ನೂ ಕೂಡಿಸುವುದು, ಬೀದಿಯ ಪ್ರಚಾರ, ಬೀದಿಯ ರೂಪ, ಬೀದಿಯ ವ್ಯಾಪಾರ. ಕಟ್ಟಡ ಉಳಿಸಲು ಹೊರಟವರು, ಅದರೊಳಗಿನ ವ್ಯಾಪಾರ ಉಳಿಯದೆ ಗೋಡೆ ಉಳಿಯದು ಎಂದು ಕಂಡುಕೊಂಡದ್ದು ಇಲ್ಲಿನ ಸ್ವಾರಸ್ಯ.

ನಾಲ್ಕು ತಂಡ ಮಾಡುವಷ್ಟು ಜನ ನಿಮ್ಮಲ್ಲಿ ಇರಲಿಕ್ಕಿಲ್ಲ. ಪರವಾಗಿಲ್ಲ, ನಾಲ್ಕು ಜನ ಹೊಣೆ ಹೊತ್ತರೂ ಸಾಕು. ಆದರೆ ಒಂದು ಭಾಗವನ್ನೂ ಖಾಲಿ ಬಿಡಬೇಡಿ. ಆ ಮೂರೂ ಊರುಗಳಲ್ಲಿ ಪೂರ್ಣಾವಧಿಗೆ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿದ್ದರು ಎಂಬುದನ್ನೂ ಗಮನಿಸಿ. ಬಿಡುವಿದ್ದಾಗ ಮಾಡುವ ಸೇವೆ ಆರು ತಿಂಗಳು ಓಡುತ್ತದೆ. ಆಮೇಲೆ ಪತ್ರ ಬರೆಯುವವರು, ಫೋನ್ ಎತ್ತುವವರು, ಕರಾರಿನ ತಾರೀಕು ನೆನಪಿಡುವವರು ಒಬ್ಬರು ಬೇಕೇ ಬೇಕು. ಅರ್ಧ ದಿನದ ಕೆಲಸಕ್ಕಾದರೂ ಒಬ್ಬರನ್ನು ಇಟ್ಟುಕೊಳ್ಳಿ.

4. ಅಗ್ಗದ ಪ್ರಯೋಗ, ಅಳಿಸಬಹುದಾದ ಬಣ್ಣ

2010ರ ಏಪ್ರಿಲ್‌ನಲ್ಲಿ ಅಮೆರಿಕದ ಡಲ್ಲಸ್ ನಗರದ ಓಕ್ ಕ್ಲಿಫ್ ಬಡಾವಣೆಯ ಕೆಲವರು ಒಂದು ವಾರಾಂತ್ಯಕ್ಕೆ ತಮ್ಮ ಬೀದಿಯ ಒಂದು ತುಂಡನ್ನು ಬದಲಿಸಿದರು. ಎರವಲು ತಂದ ಕುರ್ಚಿ, ಕುಂಡದ ಗಿಡ, ದೀಪದ ಸರ, ಖಾಲಿ ಮಳಿಗೆಗಳಲ್ಲಿ ಎರಡು ದಿನದ ತಾತ್ಕಾಲಿಕ ಅಂಗಡಿ. ಹೀಗೆ ಮಾಡಲು ಅಡ್ಡಿಯಾಗಿದ್ದ ಹಳೆಯ ನಗರ ನಿಯಮಗಳನ್ನು ದೊಡ್ಡದಾಗಿ ಬರೆದು ಅಂಗಡಿಯ ಗಾಜಿಗೇ ಅಂಟಿಸಿದ್ದರು. ‘ಬೆಟರ್ ಬ್ಲಾಕ್’ ಎಂಬ ಹೆಸರಿನಲ್ಲಿ ಆ ಉಪಾಯ ಬೇರೆ ಊರುಗಳಿಗೂ ಹಬ್ಬಿತು. ನಿಯಮ ಮುರಿಯಿರಿ ಎಂದು ನಾನು ಹೇಳುತ್ತಿಲ್ಲ. ಮೊದಲು ಅನುಮತಿ ಕೇಳಿ. ಕಾಯಂ ಬದಲಾವಣೆಗೆ ಹೆದರುವ ಅಧಿಕಾರಿ ಎರಡು ದಿನದ ಪ್ರಯೋಗಕ್ಕೆ ಸುಲಭವಾಗಿ ಒಪ್ಪುತ್ತಾರೆ. ಅನುಮತಿ ಪತ್ರದಲ್ಲಿ ತಾರೀಕು, ಹೊತ್ತು, ತುರ್ತು ವಾಹನಕ್ಕೆ ಬಿಡುವ ದಾರಿ, ಆಮೇಲೆ ಯಾರು ತೆರವು ಮಾಡುತ್ತಾರೆ ಎಂಬುದೆಲ್ಲ ಇರಲಿ.

ಒಂದೇ ಒಂದು ವಸ್ತುವಿಗೆ ಹಣವಿದ್ದರೆ ಕುರ್ಚಿ ಕೊಳ್ಳಿ. 1970ರ ದಶಕದಲ್ಲಿ, ನಗರದ ಜನಜೀವನವನ್ನು ಅಧ್ಯಯನ ಮಾಡುತ್ತಿದ್ದ ಅಮೆರಿಕದ ವಿಲಿಯಂ ವೈಟ್ ಅವರು ನ್ಯೂಯಾರ್ಕಿನ ಸಾರ್ವಜನಿಕ ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದರು. ವಿನ್ಯಾಸ, ಕಾರಂಜಿ, ಶಿಲ್ಪ ಎಲ್ಲಕ್ಕಿಂತ ಹೆಚ್ಚಾಗಿ, ಕೂರಲು ಜಾಗವಿದ್ದ ಕಡೆಯೇ ಜನ ಸೇರುತ್ತಿದ್ದರು. ಅದರಲ್ಲೂ ಎತ್ತಿ ಸರಿಸಬಹುದಾದ ಕುರ್ಚಿ ಸಿಕ್ಕರೆ, ಕೂರುವ ಮುನ್ನ ಅದನ್ನು ಒಂದು ಗೇಣಾದರೂ ಸರಿಸದೆ ಇರುತ್ತಿರಲಿಲ್ಲ. ಅದೇ ನಗರದ ಬ್ರಯಂಟ್ ಪಾರ್ಕ್ 1992ರಲ್ಲಿ ಮತ್ತೆ ತೆರೆದಾಗ ಇಂಥ ಕುರ್ಚಿಗಳನ್ನೇ ಹಾಕಿದರು. ಕುರ್ಚಿ ಕಳವಾಗುತ್ತದೆ ಎಂಬ ಮಾತು ನಿಮ್ಮ ಸಭೆಯಲ್ಲೂ ಬರುತ್ತದೆ. ಒಂದೆರಡು ಕಳೆದುಹೋಗಬಹುದು. ಅದನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಂಡೇ ಹೊರಡಿ.

ಪ್ರಯೋಗದ ದಿನ ಮತ್ತೆ ಎಣಿಸಿ, ಅದೇ ಮೂರು ಜಾಗ, ಅದೇ 15 ನಿಮಿಷ. ಇಲ್ಲದಿದ್ದರೆ ಕೊನೆಗೆ ಉಳಿಯುವುದು ಫೋಟೊಗಳು ಮಾತ್ರ.

5. ಮುಚ್ಚಿದ ಷಟರ್: ಇಲ್ಲಿ ಅವಸರ ಬೇಡ

ಇಡೀ ಕೆಲಸದ ಕೀಲಿಕೈ ಇರುವುದು ಇಲ್ಲಿ. ಖಾಲಿ ಮಳಿಗೆ ಖಾಲಿ ಇರುವುದಕ್ಕೆ ಕಾರಣ ಬಹಳ ಸಲ ಗಿರಾಕಿಗಳ ಕೊರತೆಯಲ್ಲ, ಮಾಲೀಕರ ಅಂಜಿಕೆ. ಒಮ್ಮೆ ಒಳಗೆ ಬಿಟ್ಟರೆ ಎಬ್ಬಿಸಲಾಗದು, ಕಡಿಮೆ ಬಾಡಿಗೆಗೆ ಕೊಟ್ಟರೆ ಆಸ್ತಿಯ ಬೆಲೆ ಇಳಿದೀತು, ಮುಂದೆ ಒಳ್ಳೆಯ ಬಾಡಿಗೆದಾರ ಬಂದರೆ ಕೈತಪ್ಪಿ ಹೋದೀತು. ಮಾಲೀಕರು ದೂರದ ಊರಿನಲ್ಲಿರಬಹುದು, ಅಣ್ಣ ತಮ್ಮಂದಿರ ನಡುವೆ ಪಾಲಿನ ತಕರಾರು ಇರಬಹುದು.

ಆಸ್ಟ್ರೇಲಿಯದ ನ್ಯೂಕ್ಯಾಸಲ್ ನಗರ 1989ರ ಭೂಕಂಪ ಮತ್ತು 1999ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಪೆಟ್ಟು ತಿಂದ ಊರು. ಅದರ ನಡುಪೇಟೆ ಖಾಲಿ ಕಟ್ಟಡಗಳಿಂದ ತುಂಬಿತ್ತು. ಅಲ್ಲೇ ಬೆಳೆದ ಮಾರ್ಕಸ್ ವೆಸ್ಟ್‌ಬರಿ 2008ರಲ್ಲಿ ‘ರಿನ್ಯೂ ನ್ಯೂಕ್ಯಾಸಲ್’ ಎಂಬ ಸಂಸ್ಥೆ ಕಟ್ಟಿದರು. ಅವರು ಮಾಲೀಕರನ್ನು ಬೈಯಲಿಲ್ಲ, ಅಂಜಿಕೆಗೆ ಮದ್ದು ಹುಡುಕಿದರು. ಸಂಸ್ಥೆಯೇ ನಡುವೆ ನಿಂತು ಮಳಿಗೆಯನ್ನು ಪಡೆದು, ಕಲಾವಿದರಿಗೂ ಕುಶಲಕರ್ಮಿಗಳಿಗೂ 30 ದಿನದ ಲೆಕ್ಕದಲ್ಲಿ ಬಳಸಲು ಕೊಡುತ್ತಿತ್ತು. ಅದು ಬಾಡಿಗೆ ಕರಾರಲ್ಲ, ಬರೀ ಬಳಕೆಯ ಅನುಮತಿ. ಪೂರ್ತಿ ಬಾಡಿಗೆ ಕೊಡುವವರು ಸಿಕ್ಕರೆ ಅವರು ಖಾಲಿ ಮಾಡಬೇಕು. ಮಾಲೀಕರಿಗೆ ಕಳೆದುಕೊಳ್ಳುವುದೇನೂ ಇರಲಿಲ್ಲ, ಹೊಸಬರಿಗೆ ದೊಡ್ಡ ಮುಂಗಡದ ಭಯ ಇರಲಿಲ್ಲ.

ನೀವೂ ಹಾಗೆ ಮಾಡುವುದಾದರೆ, ಮಾಲೀಕರ ಬಳಿಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಎಣಿಕೆಯ ಹಾಳೆ, ಮಳಿಗೆಯ ಈಗಿನ ಫೋಟೊ, ಒಂದು ಪುಟದ ಕರಡು ಒಪ್ಪಂದ, ಮೂರೂ ಕೈಯಲ್ಲಿರಲಿ. ಒಪ್ಪಂದದಲ್ಲಿ ಇವು ಸ್ಪಷ್ಟವಾಗಿರಬೇಕು:

- ಎಷ್ಟು ದಿನದ ಬಳಕೆ, ಖಾಲಿ ಮಾಡಿಸಲು ಎಷ್ಟು ದಿನದ ನೋಟಿಸ್
- ವಿದ್ಯುತ್, ನೀರು, ತೆರಿಗೆ, ವಿಮೆ, ಯಾವುದು ಯಾರ ಪಾಲಿಗೆ
- ಬಳಸುವವರು ಗೋಡೆಗೆ ಮೊಳೆ ಹೊಡೆಯಬಹುದೇ, ಬಣ್ಣ ಬಳಿಯಬಹುದೇ, ಬಿಟ್ಟುಹೋಗುವಾಗ ಹೇಗಿರಬೇಕು
- ವಾರದಲ್ಲಿ ಕನಿಷ್ಠ ಎಷ್ಟು ಗಂಟೆ ಬಾಗಿಲು ತೆರೆದಿರಬೇಕು
- ಆರು ತಿಂಗಳ ಮೇಲೆ ಅವರೇ ಕಾಯಂ ಆಗಿ ಉಳಿಯುವುದಾದರೆ ಬಾಡಿಗೆ ಎಷ್ಟು, ವರ್ಷಕ್ಕೆ ಎಷ್ಟರ ಮಟ್ಟಿಗೆ ಏರಬಹುದು

ಕರಡನ್ನು ಸ್ಥಳೀಯ ವಕೀಲರೊಬ್ಬರಿಗೆ ತೋರಿಸಿ. ಬಾಡಿಗೆ ಕಾನೂನು ಒಂದೊಂದು ಕಡೆ ಒಂದೊಂದು ಥರ. ಬರೀ ಹೆಸರು ಬದಲಿಸಿದ ಮಾತ್ರಕ್ಕೆ ಬಾಡಿಗೆ ಕರಾರು ಅನುಮತಿ ಪತ್ರವಾಗುವುದಿಲ್ಲ.

ಒಳಗೆ ಯಾರನ್ನು ಕೂರಿಸಬೇಕು? ನಿಮ್ಮ ಮೂರನೆಯ ಪ್ರಶ್ನೆಯ ಉತ್ತರಗಳನ್ನು ತೆಗೆದು ನೋಡಿ. ಬೇರೆ ಪೇಟೆಗೆ ಹೋಗಿ ತರುವ ಸಾಮಾನಿನ ಪಟ್ಟಿ ಅಲ್ಲಿದೆ. ಈಗಾಗಲೇ ಬೀದಿಯಲ್ಲಿರುವವರ ವ್ಯಾಪಾರವನ್ನೇ ಪುಕ್ಕಟೆ ಮಳಿಗೆಯಲ್ಲಿ ಇನ್ನೊಬ್ಬರಿಗೆ ಕೊಟ್ಟರೆ, ಬಾಡಿಗೆ ಕಟ್ಟುವವರ ಹೊಟ್ಟೆಗೆ ಬೆಂಕಿ ಹಾಕಿದಂತೆ. ಮನೆಯಲ್ಲೇ ಕೂತು ಮಾಡುವ ದುರಸ್ತಿ, ಹೊಲಿಗೆ, ಪಾಠ, ಕರಕುಶಲದಂಥ ಕೆಲಸದವರನ್ನು ಹುಡುಕಿ. ಮಾಲೀಕರು ಏನು ಹೇಳಿದರೂ ಕೀಲಿ ಕೊಡದಿದ್ದರೆ, ಗಾಜಿನ ಹಿಂದಿನ ಒಂದು ಅಡಿ ಜಾಗವನ್ನಾದರೂ ಕೇಳಿ: ಮಕ್ಕಳ ಚಿತ್ರ, ಬೀದಿಯ ಹಳೆಯ ಫೋಟೊ, ಒಂದು ದೀಪ. ರಾತ್ರಿ ಬೆಳಕಿರುವ ಗಾಜು ಮುಚ್ಚಿದ ಷಟರಿಗಿಂತ ಎಷ್ಟೋ ವಾಸಿ.

6. ರಸ್ತೆ ಮುಚ್ಚುವ ಆಸೆ

ಯಾವ ಸಂಘದಲ್ಲೂ ಒಬ್ಬರು ‘ವಾಹನ ಬಂದ್ ಮಾಡಿಬಿಡೋಣ’ ಎನ್ನುತ್ತಾರೆ, ಇನ್ನೊಬ್ಬರು ‘ನಮ್ಮ ಹೆಣದ ಮೇಲೆ’ ಎನ್ನುತ್ತಾರೆ. ಇಬ್ಬರ ಪಾಲಿಗೂ ಸಾಕ್ಷಿ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಟ್ರೋಯೆಟ್ ಬೀದಿಯನ್ನು 1962ರಲ್ಲಿ ಪ್ರಯೋಗವೆಂದು ವಾಹನಮುಕ್ತ ಮಾಡಿದಾಗ ವ್ಯಾಪಾರಿಗಳು ಸಿಟ್ಟಾಗಿದ್ದರು. ಅದು ಇಂದಿಗೂ ನಡೆದಾಡುವವರ ಬೀದಿಯೇ, ತುಂಬಿ ತುಳುಕುತ್ತದೆ. ಅಮೆರಿಕದ ಕಲಮಜೂ ಎಂಬ ಊರು 1959ರಲ್ಲೇ ಪೇಟೆ ಬೀದಿಯಿಂದ ವಾಹನ ತೆಗೆದು, 1998ರಲ್ಲಿ ಅದರ ಒಂದು ಭಾಗಕ್ಕೆ ಮತ್ತೆ ಬಿಟ್ಟಿತು. ಸುತ್ತ ಜನ ವಾಸವಿದ್ದು, ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬಂದು ಸೇರುವಂತಿದ್ದರೆ ವಾಹನಮುಕ್ತ ಬೀದಿ ಬದುಕುತ್ತದೆ. ಎಲ್ಲರೂ ದೂರದಿಂದ ಕಾರಿನಲ್ಲೇ ಬರಬೇಕಾದ ಕಡೆ ಒಣಗುತ್ತದೆ. ನಿಮ್ಮದು ಯಾವ ಜಾತಿಯ ಬೀದಿ ಎಂಬುದನ್ನು ನಿಮ್ಮ ಎಣಿಕೆಯ ಹಾಳೆ ಹೇಳುತ್ತದೆ. ವಾರಕ್ಕೊಂದು ಸಂಜೆ ಮುಚ್ಚಿ ನೋಡಿ. ಸರಕು ಇಳಿಸುವ ಹೊತ್ತನ್ನು ವ್ಯಾಪಾರಿಗಳೇ ನಿಗದಿ ಮಾಡಲಿ.

7. ಕಾರ್ಯಕ್ರಮ

ಚಿಕ್ಕದು, ಪದೇ ಪದೇ. ವರ್ಷಕ್ಕೊಮ್ಮೆಯ ಜಾತ್ರೆಗಿಂತ ತಿಂಗಳಿಗೊಂದು ಸಂಜೆ ಮೇಲು, ಏಕೆಂದರೆ ನಿಮಗೆ ಬೇಕಾದದ್ದು ರೂಢಿ. ಒಂದೇ ನಿಯಮ: ವೇದಿಕೆಯನ್ನು ಅಂಗಡಿಗಳಿಗೆ ಬೆನ್ನು ಮಾಡಿ ಹಾಕಬೇಡಿ, ಪೆಂಡಾಲು ಬಾಗಿಲಿಗೆ ಅಡ್ಡ ಬರಬಾರದು. ದಿನವಿಡೀ ಜನಜಾತ್ರೆಯಾಗಿ ಅಂಗಡಿಯ ಗಲ್ಲಾಪೆಟ್ಟಿಗೆ ಖಾಲಿ ಇದ್ದರೆ, ಮುಂದಿನ ಸಲ ವ್ಯಾಪಾರಿ ಚಂದಾ ಕೊಡುವುದಿಲ್ಲ, ಕೊಡಲೂಬಾರದು.

8. ಹಣ ಮತ್ತು ಲೆಕ್ಕ

ಚಂದಾ ಎತ್ತಿ ನಡೆಸುವ ಸಂಘಕ್ಕೆ ಒಂದೇ ಕಾಯಿಲೆ: ಹತ್ತು ಜನ ಕೊಡುತ್ತಾರೆ, ಐವತ್ತು ಜನ ಲಾಭ ಪಡೆಯುತ್ತಾರೆ, ಎರಡನೆಯ ವರ್ಷ ಆ ಹತ್ತು ಜನ ಸುಸ್ತಾಗುತ್ತಾರೆ. ಕೆನಡಾದ ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್ ವ್ಯಾಪಾರಿಗಳು ಈ ಕಾಯಿಲೆಗೆ 1970ರಲ್ಲಿ ಮದ್ದು ಕಂಡುಕೊಂಡರು. ಹೊಸ ಮಾಲ್‌ಗಳು ಗಿರಾಕಿಗಳನ್ನು ಸೆಳೆಯುತ್ತಿದ್ದವು, ಮೇಲಿನ ರಸ್ತೆಯಲ್ಲಿ ಓಡಾಡುತ್ತಿದ್ದ ಜನ ಸುರಂಗ ರೈಲು ಬಂದ ಮೇಲೆ ನೆಲದಡಿಯಲ್ಲೇ ಸಾಗಿಹೋಗುತ್ತಿದ್ದರು. ಆ ಬೀದಿಯ ಎಲ್ಲ ವ್ಯಾಪಾರಿಗಳಿಂದಲೂ ನಗರಾಡಳಿತವೇ ತೆರಿಗೆಯ ಜತೆ ಒಂದು ಸಣ್ಣ ಹೆಚ್ಚುವರಿ ಮೊತ್ತ ವಸೂಲು ಮಾಡಿ, ಅದನ್ನು ಬೀದಿಯ ಸಂಘಕ್ಕೇ ಕೊಡುವ ಏರ್ಪಾಡು ಅದು. ಈಗ ಹಲವು ದೇಶಗಳಲ್ಲಿ ಈ ಪದ್ಧತಿಯಿದೆ. ನಿಮ್ಮ ಕಡೆ ಅಂಥ ಕಾನೂನು ಇದ್ದರೆ ಬಳಸಿಕೊಳ್ಳಿ. ಆದರೆ ಹಣ ಕೊಟ್ಟವರಿಗಷ್ಟೇ ಮತ ಎಂದಾದರೆ ನಿವಾಸಿಗಳೂ ಗಾಡಿಯವರೂ ಹೊರಗುಳಿಯುತ್ತಾರೆ, ಅವರಿಗೂ ಸಮಿತಿಯಲ್ಲಿ ಜಾಗ ಬರೆದಿಡಿ.

ಜಮಾ ಖರ್ಚನ್ನು ಪ್ರತಿ ತಿಂಗಳೂ ಬೀದಿಯಲ್ಲೇ, ಎಲ್ಲರೂ ಓದುವ ಎತ್ತರದಲ್ಲಿ ಅಂಟಿಸಿ. ಬಿಲ್ಲು ಇಲ್ಲದ ಖರ್ಚು ಎಷ್ಟೇ ಚಿಕ್ಕದಿದ್ದರೂ ಬೇಡ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಇಷ್ಟು ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

9. ಬೀದಿ ಚಿಗುರಿದ ಮೇಲೆ

ಯಾರೂ ಮೊದಲೇ ಯೋಚಿಸದ ಹಂತ ಇದು. ಜನ ಬರತೊಡಗಿದರೆ ಬಾಡಿಗೆ ಏರುತ್ತದೆ. ಏರಿದ ಬಾಡಿಗೆ ಕಟ್ಟಲಾಗದೆ ಮೊದಲು ಹೊರಡುವವರು, ಪಾಳು ಬಿದ್ದಿದ್ದಾಗ ಬಂದು ಷಟರ್ ಎತ್ತಿದವರೇ. ಅವರ ಜಾಗಕ್ಕೆ ಎಲ್ಲ ಊರಲ್ಲೂ ಇರುವ ದೊಡ್ಡ ಕಂಪನಿಯ ಮಳಿಗೆ ಬರುತ್ತದೆ. ಆಮೇಲೆ ಈ ಬೀದಿಗೇ ಬರಬೇಕಾದ ಕಾರಣ ಗಿರಾಕಿಗಳಿಗೆ ಉಳಿಯುವುದಿಲ್ಲ.

ಐದನೆಯ ಹಂತದ ಒಪ್ಪಂದದಲ್ಲಿ ಬಾಡಿಗೆಯ ಏರಿಕೆಯ ಮಿತಿಯನ್ನು ಬರೆಸಿ ಎಂದದ್ದು ಇದಕ್ಕಾಗಿಯೇ. ಮಳಿಗೆ ಖಾಲಿ ಇರುವಾಗ ಆ ಸಾಲಿಗೆ ಮಾಲೀಕರು ಸಹಿ ಹಾಕುತ್ತಾರೆ, ತುಂಬಿದ ಮೇಲೆ ಹಾಕುವುದಿಲ್ಲ. ಇನ್ನೂ ಮುಂದೆ ಹೋದವರಿದ್ದಾರೆ. ಜಪಾನಿನ ತಕಮಾತ್ಸು ನಗರದ ಮಾರುಗಮೆಮಾಚಿ ಪೇಟೆಯಲ್ಲಿ ಜಮೀನಿನ ಒಡೆತನವನ್ನು ತಾವೇ ಇಟ್ಟುಕೊಂಡು, ಬಳಕೆಯ ಹಕ್ಕನ್ನು ಮಾತ್ರ ದೀರ್ಘಾವಧಿ ಗುತ್ತಿಗೆಯ ಮೇಲೆ ಒಂದು ಸಮುದಾಯ ಕಂಪನಿಗೆ ಒಪ್ಪಿಸಿದ ಮಾಲೀಕರಿದ್ದಾರೆ. ಯಾವ ಮಳಿಗೆಯಲ್ಲಿ ಯಾವ ಅಂಗಡಿ ಬರಬೇಕೆಂಬುದನ್ನು ಒಬ್ಬೊಬ್ಬ ಮಾಲೀಕರ ಬದಲು ಇಡೀ ಬೀದಿಯ ಹಿತ ನೋಡಿ ತೀರ್ಮಾನಿಸಲು ಇದರಿಂದ ಸಾಧ್ಯವಾಯಿತು. ಅದರ ಮಾತುಕತೆಗೆ ವರ್ಷಗಳೇ ಹಿಡಿದವು. ನಿಮ್ಮಲ್ಲಿ ಅಷ್ಟು ತಾಳ್ಮೆಯ ಮಾಲೀಕರು ಇಲ್ಲದಿದ್ದರೆ, ನಿವಾಸಿಗಳೇ ಪಾಲು ಹಾಕಿ ಒಂದು ಮಳಿಗೆಯನ್ನಾದರೂ ಸಹಕಾರಿ ಸಂಘದ ಹೆಸರಿನಲ್ಲಿ ಕೊಳ್ಳಲು ಆದೀತೇ ನೋಡಿ. ಬಾಡಿಗೆ ಎಷ್ಟೆಂದು ಆ ಒಂದು ಬಾಗಿಲ ಮಟ್ಟಿಗೆ ನೀವೇ ಹೇಳಬಹುದು.

ವರ್ಷ ತುಂಬಿದ ವಾರ ಅದೇ ನೋಟ್‌ಬುಕ್ ತೆಗೆದು, ಅದೇ ಮೂರು ಜಾಗದಲ್ಲಿ ಮತ್ತೆ ನಿಲ್ಲಿ. ಈ ಸಲ ಅಂಗಡಿಗಳ ಪಟ್ಟಿಗೆ ಒಂದು ಕಾಲಂ ಹೆಚ್ಚು ಬೇಕು: ಕಳೆದ ವರ್ಷ ಇದ್ದು ಈಗ ಇಲ್ಲದವರು ಯಾರು, ಎಲ್ಲಿಗೆ ಹೋದರು, ಏಕೆ? ಅವರಿಗೆ ಒಂದು ಫೋನ್ ಮಾಡಿ ಕೇಳಿ.